ಹುಳು ಕೊಟ್ಟ ಮೆರುಗು: ಮೈಸೂರು ದಾರಿಯಲ್ಲಿ ಒಂದು ದಿನ

ಬೆಂಗಳೂರಿನಿಂದ ಮೈಸೂರಿಗೆ ನೀವು ಎಷ್ಟೋ ಸಲ ಹೋಗಿ ಬಂದಿರಬಹುದು. ಅರಮನೆ, ಚಾಮುಂಡಿ ಬೆಟ್ಟ, ದಸರಾ, ಇವು ಯಾರಿಗೆ ತಿಳಿಯದು? ಈ ಸಲ ಊರು ಬಿಟ್ಟು ದಾರಿಯನ್ನೇ ನೋಡೋಣ ಬನ್ನಿ. 2023ರಲ್ಲಿ ತೆರೆದ ಹೊಸ ಹೆದ್ದಾರಿ ಹಿಡಿದರೆ ಏನೂ ಕಾಣದು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಅದು ಊರಾಚೆಯಿಂದಲೇ ದಾಟಿಸಿಬಿಡುತ್ತದೆ. ಆದ್ದರಿಂದ ಹಳೆಯ ರಸ್ತೆಯ ಬಸ್ಸಿಗೆ ಹೋಗಿ, ಇಲ್ಲವೇ ಎಲ್ಲ ಊರಲ್ಲೂ ನಿಲ್ಲುವ ರೈಲು ಹತ್ತಿ.

ಈ ದಾರಿ ಯಾಕೆ ಅಂತೀರಾ? ನನ್ನ ಅಕ್ಕನ ಮಗಳು ವೀಗನ್ ಆಗಿದ್ದಾಳೆ. ಈ ಮಾತು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ತುಪ್ಪ, ಜೇನು, ತೊಗಲು, ರೇಷ್ಮೆ, ಪ್ರಾಣಿಯಿಂದ ಬಂದ ಯಾವುದೂ ಬೇಡ ಎನ್ನುವವರು ಇವರು. ಹುಡುಗಿ ಮೊಸರು ಬಿಟ್ಟಾಗ ಮನೆಯವರು ಹೇಗೋ ಸುಮ್ಮನಾದರು. ಆದರೆ ಮಾಘದಲ್ಲಿ ಮದುವೆ. ಧಾರೆಗೆ ರೇಷ್ಮೆ ಸೀರೆ ಉಡುವುದಿಲ್ಲ ಅಂದಳು ನೋಡಿ, ಅಕ್ಕ ಅತ್ತೇಬಿಟ್ಟಳು. ಬೀಗರಿಗೆ ಏನು ಹೇಳುವುದು? “ಚಿಕ್ಕಮ್ಮ, ನೀವಾದ್ರೂ ಒಮ್ಮೆ ರಾಮನಗರಕ್ಕೆ ಹೋಗಿ ನೋಡಿ, ಆಮೇಲೆ ನನಗೆ ಬುದ್ಧಿ ಹೇಳಿ” ಎಂದಳು. ಸರಿ, ಹೊರಟೆ.

ರಾಮನಗರ ಎಂದರೆ ಹೊರಗಿನವರಿಗೆ ‘ಶೋಲೆ’ ಚಿತ್ರದ ಬಂಡೆಗಳು. ಊರಿನವರಿಗೆ ಮಾತ್ರ ಗೂಡು. ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರು. ಬೆಳಿಗ್ಗೆಯೇ ಹೋಗಬೇಕು. ಉದ್ದಕ್ಕೂ ಗೂಡಿನ ರಾಶಿ. ಒಂದು ಕಡೆ ಅರಿಸಿನ ಬಣ್ಣದ್ದು, ಇನ್ನೊಂದು ಕಡೆ ಬೆಳ್ಳನೆಯದು. ಹಸಿ ಗೂಡಿನದೊಂದು ವಾಸನೆ ಇದೆ, ಸೀರೆ ಅಂಗಡಿಯಲ್ಲಿ ಅದು ನಿಮಗೆ ಸಿಗುವುದಿಲ್ಲ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನೋ ಕಟಕಟ ಎನ್ನುತ್ತದೆ. ಅದೇ ಹುಳು.

ಹಿಪ್ಪುನೇರಳೆ ಸೊಪ್ಪು ತಿಂದು ಸುಮಾರು 25 ದಿನ ಬೆಳೆದ ಹುಳುವನ್ನು ರೈತರು ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ಎರಡು ಮೂರು ದಿನದಲ್ಲಿ ಅದು ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಒಂದು ಒಳ್ಳೆಯ ಬಿಳಿ ಗೂಡಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಹತ್ತು ಹನ್ನೆರಡು ದಿನ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಗೆ ಬರುತ್ತದೆ, ಎಳೆ ತುಂಡಾಗುತ್ತದೆ. ಅದಕ್ಕೇ ಅಷ್ಟರೊಳಗೆ ಹಬೆಯಲ್ಲೋ ಬಿಸಿಗಾಳಿಯಲ್ಲೋ ಹುಳುವನ್ನು ಕೊಂದು, ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಕೆಜಿ ಕಚ್ಚಾ ರೇಷ್ಮೆಗೆ ಆರೇಳು ಕೆಜಿ ಗೂಡು ಬೇಕು, ಕೆಜಿಗೆ ಸುಮಾರು 600 ಗೂಡು. ಅರ್ಧ ಕೆಜಿ ತೂಗುವ ಸೀರೆಗೆ ಎರಡು ಸಾವಿರ ಹುಳುವಿಗೆ ಕಡಿಮೆ ಇಲ್ಲ, ಲೆಕ್ಕ ನೀವೇ ಹಾಕಿ.

ಇದರಲ್ಲೊಂದು ವಿಚಿತ್ರ ಇದೆ. ನಮ್ಮಲ್ಲಿ ಮಡಿ ಎಂದರೆ ರೇಷ್ಮೆ. ಈರುಳ್ಳಿ ಮುಟ್ಟದ ನಮ್ಮ ಅಜ್ಜಿ ನೈವೇದ್ಯಕ್ಕೆ ಉಡುತ್ತಿದ್ದದ್ದು ಎರಡು ಸಾವಿರ ಜೀವ ಬೆಂದ ಬಟ್ಟೆ. ಹತ್ತಿ ಸೀರೆ ಒಗೆದು ಒಣಗಿಸಿದರೂ ಯಾರಾದರೂ ಮುಟ್ಟಿದರೆ ಮೈಲಿಗೆ ಎನ್ನಿಸಿಕೊಳ್ಳುತ್ತಿತ್ತು!

ಹಾಗಂತ ರೇಷ್ಮೆಯನ್ನು ಬೈದು ಬರುವುದೂ ಸುಲಭವಲ್ಲ. ನೂಲು ಬಿಚ್ಚುವ ಒಂದು ಮನೆಗೆ ಹೋಗಿದ್ದೆ. ಬೆಳಗಿನಿಂದ ಬಿಸಿನೀರಲ್ಲಿ ಕೈ ಅದ್ದಿ ಅದ್ದಿ ಆ ಹೆಂಗಸಿನ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನನ್ನ ಪ್ರಶ್ನೆ ಕೇಳಿ ನಕ್ಕಳು. “ಹುಳ ಪಾಪ ಅಂತೀರ, ಸರಿ ಅಮ್ಮ. ನೀವೆಲ್ಲ ಸೀರೆ ಬಿಟ್ರೆ ನಮ್ ಮಕ್ಕಳ ಫೀಸು ಯಾರು ಕಟ್ತಾರೆ?” ನನ್ನಲ್ಲಿ ಉತ್ತರವಿರಲಿಲ್ಲ. ಬೆಂದ ಹುಳುವೂ ಅಲ್ಲಿ ದಂಡವಾಗುವುದಿಲ್ಲ. ಎಣ್ಣೆಗೆ, ಮೀನಿನ, ಕೋಳಿಯ ಆಹಾರಕ್ಕೆ ಹೋಗುತ್ತದೆ.

‘ಅಹಿಂಸಾ ರೇಷ್ಮೆ’ ಎಂಬುದೂ ಉಂಟು. ಹೈದರಾಬಾದಿನ ಕುಸುಮ ರಾಜಯ್ಯನವರು ಇದಕ್ಕೆ ಹೆಸರಾದವರು. ಚಿಟ್ಟೆ ಹಾರಿಹೋದ ಮೇಲೆ ಉಳಿದ ಗೂಡನ್ನು ಹತ್ತಿಯಂತೆ ನೂಲುತ್ತಾರೆ. ಹೊಳಪು ಕಡಿಮೆ, ಬೆಲೆ ಹೆಚ್ಚು. ಆದರೆ ಹಿಪ್ಪುನೇರಳೆ ರೇಷ್ಮೆಯ ಚಿಟ್ಟೆ ನಿಜವಾಗಿ ಹಾರುವುದಿಲ್ಲ. ಸಾವಿರಾರು ವರ್ಷ ಸಾಕಿ ಸಾಕಿ ಅದರ ರೆಕ್ಕೆಯ ಶಕ್ತಿಯೇ ಹೋಗಿದೆ. ಅದಕ್ಕೆ ತಿನ್ನಲೂ ಬಾರದು. ಕೆಲವು ದಿನ ಇದ್ದು, ಮುನ್ನೂರು ನಾನ್ನೂರು ಮೊಟ್ಟೆ ಇಟ್ಟು ಸಾಯುತ್ತದೆ. ಆ ಮೊಟ್ಟೆಗಳ ಗತಿ ಏನು ಎಂದು ನಮ್ಮ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ.

ಅಲ್ಲಿಂದ ಚನ್ನಪಟ್ಟಣ ಹತ್ತೇ ಮೈಲು ದೂರವೂ ಇಲ್ಲ. ಮಕ್ಕಳಿಗೆ ಪ್ಲಾಸ್ಟಿಕ್ ಬೇಡವೆಂದು ನಾವೆಲ್ಲ ಇಲ್ಲಿನ ಬೊಂಬೆ ಕೊಳ್ಳುತ್ತೇವೆ. ಆಲೆ ಮರದ ತುಂಡು ಗರಗರ ತಿರುಗುತ್ತಿರುವಾಗ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ. ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಆ ಕಡ್ಡಿ ಅರಗು. ಪಾಂಡವರ ಅರಗಿನ ಮನೆ ಗೊತ್ತಲ್ಲ, ಅದೇ ಅರಗು. ಮುತ್ತುಗ, ಬೋರೆ, ಕುಸುಮದಂಥ ಮರಗಳ ರೆಂಬೆಗೆ ಕಚ್ಚಿಕೊಂಡು ರಸ ಹೀರುವ ಸಣ್ಣ ಹುಳುಗಳು ಮೈಮೇಲೆ ಹೊದ್ದುಕೊಳ್ಳುವ ಅಂಟು ಅದು. ನಮ್ಮ ದೇಶದಲ್ಲಿ ಹೆಚ್ಚಾಗಿ ಜಾರ್ಖಂಡಿನ ಕಡೆಯಿಂದ ಬರುತ್ತದೆ. ರೆಂಬೆ ಕೆರೆದು ತೆಗೆಯುವಾಗ ಒಳಗಿದ್ದ ಹುಳುಗಳೂ ಹೋಗುತ್ತವೆ.

ಬೊಂಬೆಯದು ಕಣ್ಣಿಗೆ ಕಾಣುವ ಅರಗು, ಪರವಾಗಿಲ್ಲ. ಕಾಣದ್ದು ನಿಮ್ಮ ಅಡಿಗೆಮನೆಯಲ್ಲೇ ಇದೆ. ಹೊಳೆಯುವ ಸಕ್ಕರೆ ಮಿಠಾಯಿ, ಚಾಕೊಲೇಟ್ ಗುಂಡು, ಕೆಲವು ಮಾತ್ರೆಗಳ ಮೇಲಿನ ನುಣುಪು, ಮೇಣ ಹಚ್ಚಿದ ಸೇಬು, ಇವುಗಳಲ್ಲಿ ಅರಗು ಇರಬಹುದು. ಪೊಟ್ಟಣದ ಮೇಲೆ ‘ಶೆಲಾಕ್’ ಎಂದೋ 904 ಎಂದೋ ಸಣ್ಣಕ್ಷರದಲ್ಲಿ ಇರುತ್ತದೆ. ಜೇನುಮೇಣವಾದರೆ 901. ಹಸಿರು ಚುಕ್ಕಿ ಇದೆಯಲ್ಲ ಎನ್ನಬೇಡಿ. ನಮ್ಮ ಆಹಾರ ಕಾಯ್ದೆಯ ನಿಯಮದಲ್ಲಿ ಹಾಲು, ಜೇನು, ಜೇನುಮೇಣ, ಅರಗು ಇವನ್ನು ಮಾಂಸಾಹಾರದ ಲೆಕ್ಕಕ್ಕೆ ಸೇರಿಸಿಲ್ಲ. ಚುಕ್ಕಿ ಸುಳ್ಳು ಹೇಳುತ್ತಿಲ್ಲ, ಅದು ಉತ್ತರ ಕೊಡುವ ಪ್ರಶ್ನೆಯೇ ಬೇರೆ. ವೀಗನ್ ತಿನಿಸಿಗೆ 2022ರಲ್ಲಿ ಬೇರೆ ನಿಯಮ, ಬೇರೆ ಗುರುತು ಬಂದಿದೆ: ಎಲೆ ಚಿಗುರಿದ ಇಂಗ್ಲಿಷ್ ‘ವಿ’ ಅಕ್ಷರ. ಅಂದಹಾಗೆ, ಕೆಂಪು ಲಿಪ್‌ಸ್ಟಿಕ್ ಮೇಲೆ ‘ಕಾರ್ಮೈನ್’ ಅಥವಾ 75470 ಎಂದಿದ್ದರೆ ಅದೂ ಒಂದು ಹುಳುವಿನದೇ ಬಣ್ಣ. ಮೆತ್ತನೆಯ ಕ್ಯಾಪ್ಸೂಲಿನ ಜೆಲಟಿನ್ ಬರುವುದು ದನ, ಹಂದಿ ಮುಂತಾದವುಗಳ ಚರ್ಮ, ಮೂಳೆಯಿಂದ. ಆದರೆ ವೈದ್ಯರು ಬರೆದುಕೊಟ್ಟ ಔಷಧವನ್ನು ಇದಕ್ಕಾಗಿ ನೀವಾಗಿಯೇ ನಿಲ್ಲಿಸಬೇಡಿ; ಬದಲಿ ಇದೆಯೇ ಎಂದು ಅವರನ್ನೇ ಕೇಳಿ.

ಮದ್ದೂರಿನಲ್ಲಿ ಇಳಿದು ವಡೆ ತಿನ್ನದೆ ಹೋಗುವುದುಂಟೇ? ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕರಿಬೇವು, ಇದರಲ್ಲಿ ಏನೂ ತೊಂದರೆಯಿಲ್ಲ. ಹಿಟ್ಟಿಗೆ ಬಿಸಿ ಎಣ್ಣೆ ಹಾಕಿದ್ದೀರೋ ಬೆಣ್ಣೆ, ತುಪ್ಪವೋ ಎಂದು ಒಂದು ಮಾತು ಕೇಳಿದರಾಯಿತು. ಡಾಲ್ಡಾ ಎಂದರೆ ಹಿರಿಯರು ಈಗಲೂ ಮೂಗು ಮುರಿಯುತ್ತಾರೆ. 1983ರಲ್ಲಿ ವನಸ್ಪತಿಗೆ ಹೊರದೇಶದ ದನದ ಕೊಬ್ಬು ಬೆರೆಸಿದ ಗಲಾಟೆ ಎದ್ದು, ಸರ್ಕಾರ ಆ ಕೊಬ್ಬಿನ ಆಮದನ್ನೇ ನಿಲ್ಲಿಸಿದ್ದು ಅವರಿಗೆ ನೆನಪಿದೆ.

ಮಂಡ್ಯ ಸಕ್ಕರೆಯ ಊರು. ಬಿಳಿ ಸಕ್ಕರೆಗೆ ಮೂಳೆಯ ಪುಡಿ ಹಾಕುತ್ತಾರೆ ಎಂಬ ಮಾತು ನೀವೂ ಕೇಳಿರುತ್ತೀರಿ. ಅಮೆರಿಕದ ಕೆಲವು ಕಾರ್ಖಾನೆಗಳಲ್ಲಿ ಮೂಳೆಯ ಇದ್ದಿಲಿನಿಂದ ಸಕ್ಕರೆ ಸೋಸುವುದು ನಿಜ. ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಸುಣ್ಣ ಮತ್ತು ಗಂಧಕದ ಹೊಗೆಯಿಂದಲೇ ಕಬ್ಬಿನ ಹಾಲನ್ನು ಬಿಳಿ ಮಾಡುವುದು. ಆಲೆಮನೆಯ ಬೆಲ್ಲಕ್ಕಾದರೆ ಬೆಂಡೆ ಗಿಡದ ಲೋಳೆ ಹಾಕಿ ಕಲ್ಮಶ ತೆಗೆಯುವುದು ಹಳೆಯ ರೂಢಿ. ಈ ಒಂದು ಭಯವನ್ನು ಮಂಡ್ಯದಲ್ಲೇ ಇಳಿಸಿ ಮುಂದೆ ಹೋಗಿ.

ಮೈಸೂರು ಸೇರುವ ಹೊತ್ತಿಗೆ ಸಂಜೆ. ಮೈಸೂರು ಪಾಕಿನ ವಿಷಯ ಹೇಳಬೇಕಾಗಿಲ್ಲ. ಅದರ ತುಪ್ಪ ಅಡಗಿ ಕೂತಿಲ್ಲ, ಬೀದಿಗೆಲ್ಲ ಘಮಘಮ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಸೀರೆಗಳನ್ನು ಮುಟ್ಟಿ ನೋಡಿದೆ. ಚೆಂದ ಇಲ್ಲ ಎಂದರೆ ನಾಲಿಗೆ ಹೊರಳದು. ಆದರೂ ಬೇಡವೆನ್ನುವವರಿಗೆ ದಾರಿ ಇಲ್ಲದಿಲ್ಲ. ಉಡುಪಿಯ ಕೈಮಗ್ಗದ ಹತ್ತಿ ಸೀರೆ ಇದೆ, ಪಟ್ಟೆದಂಚಿನ ಸೀರೆ ಇದೆ. ಇಳಕಲ್ ಕೊಳ್ಳುವಾಗ ಮಾತ್ರ ಸೆರಗು ರೇಷ್ಮೆಯದೋ ಅಲ್ಲವೋ ವಿಚಾರಿಸಿ. ಆರ್ಟ್ ಸಿಲ್ಕ್ ಎಂಬುದು ಹೆಚ್ಚಾಗಿ ಮರದ ತಿರುಳಿನ ರೇಯಾನ್. ಅನುಮಾನವಿದ್ದರೆ ಅಂಚಿನಿಂದ ಒಂದೆಳೆ ತೆಗೆದು ಸುಡಿ. ಕೂದಲು ಸುಟ್ಟ ನಾತ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ನಾನು ಬುದ್ಧಿ ಹೇಳಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ಕೆಂಪಂಚಿನ ಬಿಳಿ ಹತ್ತಿ ಸೀರೆ ಧಾರೆಗೆ ಲಕ್ಷಣವಾಗಿರುತ್ತದೆ, ಬೀಗರ ಹತ್ತಿರ ನಾನೇ ಮಾತಾಡುತ್ತೇನೆ ಅಂದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಹೊರಡುವ ಮುಂಚೆ ದೇವರಾಜ ಮಾರುಕಟ್ಟೆಗೆ ಹೋಗಿ. ಮಲ್ಲಿಗೆ, ವೀಳ್ಯದೆಲೆ, ಸಿಕ್ಕಿದರೆ ನಂಜನಗೂಡು ರಸಬಾಳೆ, ಯಾವ ಚೀಟಿಯನ್ನೂ ಓದಬೇಕಾಗಿಲ್ಲದ ಸಾಮಾನುಗಳು ಇವು. ಊದಿನಕಡ್ಡಿ ಕೊಂಡರೆ ಮಾತ್ರ ಜೇನು ಹಾಕಿದೆಯೇ ಎಂದು ಕೇಳಿ. ಕೆಲವು ಮಸಾಲೆ ಬತ್ತಿಗಳಿಗೆ ಹಾಕುತ್ತಾರೆ.