ನುಡಿಯ ಬೆಲೆ

ತತ್ತ್ವವನ್ನು ಬಲ್ಲವರಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿರಲಿಲ್ಲ. ಹೋಟೆಲಿನಲ್ಲಿ ಒಂದು ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ಮಾಯೆ, ಕರ್ಮ, ಪುನರ್ಜನ್ಮಗಳನ್ನು ಗಂಟೆಗಟ್ಟಲೆ ಚರ್ಚಿಸಬಲ್ಲವರು ಪ್ರತಿ ಬಡಾವಣೆಯಲ್ಲಿಯೂ ಉಂಟು. ನಂಬಿದ ತತ್ತ್ವಕ್ಕಾಗಿ ಕೈಯಿಂದ ಏನನ್ನಾದರೂ ಕಳೆದುಕೊಂಡವರು ಮಾತ್ರ ಹುಡುಕಿದರೂ ಸಿಕ್ಕುವುದು ಕಷ್ಟ.

ಇಂಗ್ಲೆಂಡಿನ ಬರ್ಟ್ರಂಡ್ ರಸೆಲ್ಲರು ಅಂಥವರಲ್ಲೊಬ್ಬರು. ಮೊದಲನೆಯ ಮಹಾಯುದ್ಧವನ್ನು ವಿರೋಧಿಸಿ 1916ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಅಧ್ಯಾಪಕ ಪದವಿಯನ್ನು ಕಳೆದುಕೊಂಡರು. 1918ರಲ್ಲಿ ಬ್ರಿಕ್ಸ್‌ಟನ್ ಸೆರೆಮನೆ ಸೇರಿದರು. ಅಲ್ಲಿ ಕುಳಿತೇ ಗಣಿತದ ತತ್ತ್ವಶಾಸ್ತ್ರಕ್ಕೆ ಪ್ರವೇಶಗ್ರಂಥವೊಂದನ್ನು ಬರೆದರು. 1961ರಲ್ಲಿ, ಅಣ್ವಸ್ತ್ರಗಳ ವಿರುದ್ಧ ಕಾನೂನುಭಂಗಕ್ಕೆ ಜನರನ್ನು ಪ್ರೇರಿಸಿದರೆಂದು, ಮತ್ತೆ ಅದೇ ಸೆರೆಮನೆಯಲ್ಲಿ ಒಂದು ವಾರ. ಆಗ ಅವರಿಗೆ 89 ವರ್ಷ. ಆ ವಯಸ್ಸಿನಲ್ಲಿ ನಮ್ಮಲ್ಲಿ ಅನೇಕರಿಗೆ ಸೊಸೆಯ ಎದುರಿಗೆ ಕೂಡ ಮಾತನಾಡುವ ಧೈರ್ಯ ಉಳಿದಿರುವುದಿಲ್ಲ!

ಇದನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮ ಡಿ.ವಿ.ಜಿ.ಯವರು ಕಗ್ಗ ಬರೆದರು, ಸರಿ. ಮಾಡಿದ್ದೇನು?"

ಪ್ರಶ್ನೆ ತುಸು ಒರಟು, ಆದರೆ ನ್ಯಾಯವಾದದ್ದು. 'ಮಂಕುತಿಮ್ಮನ ಕಗ್ಗ' ಹೊರಬಂದದ್ದು 1943ರಲ್ಲಿ. ಇಂದು ಅದರ ಪದ್ಯಗಳು ಮದುವೆಯ ಕರೆಯೋಲೆಗಳಲ್ಲಿ, ಅಂಗಡಿಯ ಕ್ಯಾಲೆಂಡರುಗಳಲ್ಲಿ, ಬೆಳಗಿನ ಮೊಬೈಲ್ ಸಂದೇಶಗಳಲ್ಲಿ ಸಂಚರಿಸುತ್ತವೆ. ಹೀಗೆ ಸಂಚರಿಸುವುದು ಬಹುಮಟ್ಟಿಗೆ ಸಮಾಧಾನ ಹೇಳುವ ಕಗ್ಗ. ಅದಷ್ಟನ್ನೇ ಕಂಡು ಬೆಳೆದವಳಿಗೆ ಕವಿ ಈಸಿಚೇರಿನಲ್ಲಿ ಒರಗಿದ ತಾತನಂತೆ ತೋರಿದರೆ ತಪ್ಪೇನು?

ಮೆಟ್ರಿಕ್ಯುಲೇಷನ್ ದಾಟದ ಈ ತಾತ 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದವರು. ಮೈಸೂರು ಸಂಸ್ಥಾನದ ಶಾಸನಸಭೆಯಲ್ಲಿ ಕುಳಿತವರು. ಸಾಮಾನ್ಯ ಓದುಗನಿಗೆಂದು 'ರಾಜ್ಯಶಾಸ್ತ್ರ'ವನ್ನು ಕನ್ನಡದಲ್ಲಿ ಬರೆದವರು. 1905ರಲ್ಲಿ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಕಟ್ಟಿದಾಗ ಸಾರ್ವಜನಿಕ ಜೀವನವನ್ನು ಆಧ್ಯಾತ್ಮೀಕರಿಸಬೇಕೆಂದಿದ್ದರು. ಆ ಮಾತನ್ನು ಹಿಡಿದು ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಪುಸ್ತಕಗಳು, ಉಪನ್ಯಾಸಗಳು, ಒಂದು ಪತ್ರಿಕೆ, ಗೀತೆಯ ಪಾಠ: ನೋಡುವವರಿಗೆ ಸಪ್ಪೆಯಾದ ಕೆಲಸ.

1970ರಲ್ಲಿ ಅಭಿಮಾನಿಗಳು ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಯ ಹಮ್ಮಿಣಿಯನ್ನು ಅರ್ಪಿಸಿದರು. ನನ್ನ ವೃತ್ತಿಯವರಿಗೆ ಆಗ ಹತ್ತು ವರ್ಷಕ್ಕೂ ಮೀರಿದ ಸಂಬಳವದು. ಅಷ್ಟನ್ನೂ ಅವರು ಸಂಸ್ಥೆಗೆ ಕೊಟ್ಟುಬಿಟ್ಟರು. ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಪೆಟ್ಟಿಗೆಯಲ್ಲಿಟ್ಟಿದ್ದರೆಂಬ ಕಥೆಯನ್ನೂ ಜನ ಹೇಳುತ್ತಾರೆ. ಆ ಕಥೆಯ ಆಸರೆ ನನಗೆ ಬೇಕಾಗಿಲ್ಲ. ರಸೆಲ್ಲರಿಂದ ಕಸಿದುಕೊಂಡದ್ದು ಅಧಿಕಾರ. ಇವರ ಕೈಯಲ್ಲಿ ಹಣವಿಟ್ಟದ್ದು ಪ್ರೀತಿ. ಅಧಿಕಾರಕ್ಕೆ ಬೆನ್ನು ತಿರುಗಿಸಿದರೆ ಲೋಕ ಶೂರನೆನ್ನುತ್ತದೆ. ಪ್ರೀತಿಯಿಂದ ಕೊಟ್ಟ ಹಣವನ್ನು ಇಟ್ಟುಕೊಂಡಿದ್ದರೆ ಒಬ್ಬರೂ ಆಕ್ಷೇಪಿಸುತ್ತಿರಲಿಲ್ಲ. ಆಕ್ಷೇಪಿಸುವವರಿಲ್ಲದ ಕಡೆಯಲ್ಲಿ ನಡೆದದ್ದೆಂದೇ ನನಗೆ ಅದರ ಮೇಲೆ ಗೌರವ ಹೆಚ್ಚು.

ನನಗೊಂದು ಆಕ್ಷೇಪಣೆಯೂ ಉಂಟು. ಓದಿ ತಿಳಿದರೆ ಮತದಾರ ತಿದ್ದಿಕೊಳ್ಳುತ್ತಾನೆಂದು ಡಿ.ವಿ.ಜಿ. ನಂಬಿದ್ದರು. ತಿದ್ದಿಕೊಳ್ಳಬೇಕಾದವನು ಉಪನ್ಯಾಸಕ್ಕೆ ಬರುವುದೇ ಇಲ್ಲವಲ್ಲ! ಆದರೂ, ರಾಜಕೀಯವೆಂದರೆ ಮೂಗು ಮುಚ್ಚಿಕೊಂಡು ದೂರ ಸರಿದು, ಅದನ್ನೇ ಶೀಲವೆಂದು ಕರೆಯುವ ವಿದ್ವಾಂಸರಿಗಿಂತ ಅವರ ಈ ಭೋಳೆತನವೇ ಮೇಲೆಂದು ತೋರುತ್ತದೆ.

ಪಠ್ಯದಲ್ಲಿ ಕಗ್ಗದ ಕೆಲವು ಪದ್ಯಗಳಿವೆ. ಈ ಸಲ ಅವುಗಳೊಡನೆ 'ರಾಜ್ಯಶಾಸ್ತ್ರ'ದ ಕೆಲವು ಪುಟಗಳನ್ನೂ ಓದಿಸುತ್ತಿದ್ದೇನೆ. ಪರೀಕ್ಷೆಗೆ ಬರುವುದಿಲ್ಲವೆಂದು ಮೊದಲೇ ತಿಳಿಸಿದೆ. ಹನ್ನೊಂದು ಮಂದಿ ಉಳಿದಿದ್ದಾರೆ. ಆ ಹುಡುಗಿ ಈಗ ಮುಂದಿನ ಬೆಂಚಿಗೆ ಬಂದು ಕುಳಿತುಕೊಳ್ಳುತ್ತಾಳೆ.