‘ಏನೂ ಇಲ್ಲ’ ಅನ್ನೋದೂ ಒಂದು ಕೆಲಸಾನ

ನಾನು ಮಧ್ಯಾಹ್ನ ಕಂಪ್ಯೂಟರ್ ಮುಂದ ಕೂತು ಸಿಂಹ ನೋಡ್ತೇನಿ ಅಂತ ನಮ್ಮ ಓಣ್ಯಾಗ ಸುದ್ದಿ ಆಗೇದ. ಸುಳ್ಳೇನಲ್ಲ. ಆದ್ರ ಖರೆ ಹೇಳಬೇಕಂದ್ರ ಸಿಂಹಕ್ಕಿಂತ ಹುಲ್ಲು ನೋಡಿದ್ದ ಹೆಚ್ಚು. ಕೇಳಿದವರಿಗೆಲ್ಲ ಕಟ್ಟಿ ಮ್ಯಾಲೆ ಕೂತು ಹೇಳೋದಕ್ಕಿಂತ ಇಲ್ಲೆ ಒಮ್ಮೆ ಬರದು ಬಿಡ್ತೇನಿ.

ಆಫ್ರಿಕಾದ ತಾಂಜಾನಿಯಾದಾಗ ಸೆರೆಂಗೆಟಿ ಅನ್ನೋ ದೊಡ್ಡ ಹುಲ್ಲುಗಾವಲು ಅದ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಅಲಿ ಸ್ವಾನ್ಸನ್ ಅನ್ನೋ ಸಂಶೋಧಕಿ 2010ರಾಗ ಅಲ್ಲೆ 225 ಕ್ಯಾಮೆರಾ ಕಟ್ಟಿಸಿದ್ರು. ಬಿಸಿ ಮೈಯಿಂದು ಯಾವುದರ ಎದುರಿಗೆ ಹಾದು ಹೋದ್ರ ಅವು ತಾವ ಫೋಟೊ ಹೊಡೀತಾವ, ಹಗಲೂ ರಾತ್ರೀನೂ. ಮೂರು ವರ್ಷದಾಗ 12 ಲಕ್ಷ ಸರ್ತಿ ಹೊಡದಾವ! ಇಷ್ಟೆಲ್ಲಾ ನಾಲ್ಕು ಮಂದಿ ಕೂತು ನೋಡೋದು ಆಗೋ ಮಾತೇನು? ಅದಕ್ಕ 2012ರಾಗ ಝೂನಿವರ್ಸ್ ಅನ್ನೋ ವೆಬ್‌ಸೈಟಿಗೆ ಹಾಕಿ, ಬರ್ರಿ, ನೀವೂ ನೋಡ್ರಿ ಅಂತ ಜಗತ್ತಿನ ಮಂದೀನ್ನೆಲ್ಲ ಕರದ್ರು. ಸ್ನ್ಯಾಪ್‌ಶಾಟ್ ಸೆರೆಂಗೆಟಿ ಅಂತ ಹೆಸರು. 28 ಸಾವಿರಕ್ಕೂ ಹೆಚ್ಚು ಜನ ನೋಡಿಕೊಟ್ಟರು. ಆಮ್ಯಾಲೂ ಹೊಸ ಫೋಟೊ ಬಂದಾವ.

ನನಗ ತೋರಿಸಿದ್ದು ಮಗಳು. ನಾನು ಪಿಯುಸಿಯೊಳಗ ಸೈನ್ಸ್ ತಗೊಂಡಾಕಿ, ಜೀವಶಾಸ್ತ್ರ ಭಾಳ ಸೇರ್ತಿತ್ತು. ಬಿಎಸ್ಸಿ ಫಾರ್ಮ್ ತಂದಿದ್ದು ಟ್ರಂಕಿನಾಗ ಉಳೀತು, ಲಗ್ನ ಆತು.

ಕೆಲಸ ಇಷ್ಟ: ಯಾವ ಪ್ರಾಣಿ, ಎಷ್ಟು ಅವ, ನಿಂತಾವೋ ಮೇಯ್ತಾವೋ, ಮರಿ ಅದನೋ ಇಲ್ಲೋ. ಹೆಸರು ಗೊತ್ತಿಲ್ಲಂದ್ರ ಕೋಡು, ಬಾಲ, ಮೈಮ್ಯಾಲಿನ ಪಟ್ಟಿ ನೋಡಿ ಹುಡುಕ್ಲಿಕ್ಕೆ ಚಿತ್ರ ಕೊಟ್ಟಿರ್ತಾರ. ಥಾಮ್ಸನ್ಸ್ ಗಝೆಲ್, ಗ್ರಾಂಟ್ಸ್ ಗಝೆಲ್ ಅಂತ ಎರಡು ಜಿಂಕಿಯಂಥವು ಅವ, ಅವಳಿ-ಜವಳಿ ಇದ್ಹಂಗ. ಹಿಂದಿನ ಬಿಳುಪು ಬಾಲದ ಮ್ಯಾಲಿನ ತನಕ ಏರಿದ್ರ ಅದು ಗ್ರಾಂಟ್ಸ್. ಅಕ್ಕಿಯೊಳಗ ಹಳ್ಳು ಆರಿಸಿದ ಕಣ್ಣಿಗೆ ಇದೇನು ಹೊಸಾದಲ್ಲ ನೋಡ್ರಿ.

ಆದ್ರ ನಾಲ್ಕರಾಗ ಸುಮಾರು ಮೂರು ಫೋಟೊದಾಗ ಪ್ರಾಣೀನ ಇರಂಗಿಲ್ಲ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದ್ರೂ ಕ್ಯಾಮೆರಾ ಹೊಡದು ಬಿಡ್ತದ. ಅದಕ್ಕ ‘ಇಲ್ಲೇನೂ ಇಲ್ಲ’ ಅಂತ ಬ್ಯಾರೆ ಗುಂಡಿ ಅದ. ನಮ್ಮನಿಯವರು ಹಿಂದ ನಿಂತು, “ಏನೂ ಇಲ್ಲದ್ದನ್ನ ನೋಡ್ಲಿಕ್ಕೆ ಪಗಾರ ಎಷ್ಟ ಕೊಡ್ತಾರ?” ಅಂದ್ರು.

ಪಗಾರ ಇಲ್ಲ. ಆದ್ರ ಮೊದಲ ನೋಡಿದ ಐದೂ ಮಂದಿ ‘ಏನೂ ಇಲ್ಲ’ ಅಂದ್ರ ಆ ಫೋಟೊ ಬದಿಗೆ ಇಡೋದು ಅಂತ ಅವರ ನಿಯಮ ಇತ್ತು. ಹುಲ್ಲಾಗ ಒಂದು ಕಿವಿ ಅಷ್ಟ ಕಂಡಿರಬಹುದಲ್ಲ. ಇಲ್ಲ ಅನ್ನಬೇಕಾದ್ರ ಮೂಲಿ ಮೂಲಿ ನೋಡಿರಬೇಕು. ಪ್ರಾಣಿ ಇದ್ದದ್ದನ್ನ ಹತ್ತರಿಂದ ಇಪ್ಪತ್ತೈದು ಮಂದಿ ತನಕ ನೋಡ್ತಿದ್ರು, ಹೆಚ್ಚು ಜನ ಏನಂದ್ರೋ ಅದ ಉತ್ತರ ಆಗ್ತಿತ್ತು. ಸುಮಾರು 4 ಸಾವಿರ ಫೋಟೊ ತಜ್ಞರಿಗೂ ತೋರಿಸಿ ತಾಳೆ ನೋಡಿದ್ರ, ಮಂದಿ ಹೇಳಿದ ಹೆಸರು ನೂರಕ್ಕ 97ರ ಹತ್ತಿರ ಹೊಂದೇದ! ಅಲ್ಲೆ ಯಾರೂ ನನ್ನ ಡಿಗ್ರಿ ಕೇಳಿಲ್ಲ. ಪ್ರೊಫೆಸರದೂ ಒಂದ ವೋಟು, ನನ್ನದೂ ಒಂದ ವೋಟು.

ಇದರಿಂದ ತಿಳದದ್ದು ಏನು ಅಂತೀರಿ? ಸಿಂಹ ಇದ್ದ ಜಾಗಾ ಚೀತಾ ಪೂರ್ತಿ ಬಿಟ್ಟು ಹೋಗಂಗಿಲ್ಲಂತ, ಸಿಂಹ ಬಂದು ಹೋದ ಹೊತ್ತು ಅಷ್ಟ ತಪ್ಪಿಸ್ತದಂತ. ಹಿಂದಕ ನಮ್ಮ ವಾಡೇದಾಗ ನಾಲ್ಕು ಮನಿಗೆ ಒಂದ ನಳ ಇದ್ದಾಗ, ಬಾಯಿ ಜೋರು ಇದ್ದಾಕಿ ಕೊಡ ತುಂಬಿಕೊಂಡು ಹೋಗೋ ತನಕ ನಾವು ಒಳಗ ನಿಂದರ್ತಿದ್ವಲ್ಲ, ಹಂಗ.

ರಾತ್ರಿ ಮಲಗೋ ಮುಂದ ಗ್ಯಾಸ್ ಬಂದ್ ಅದನೋ, ಬಾಗಲಾ ಹಾಕೇದೋ, ಹಾಲಿನ ಮ್ಯಾಲೆ ಮುಚ್ಚಳ ಅದನೋ ಅಂತ ನಾವು ದಿನಾ ನೋಡ್ತೇವಿ. ಏನೂ ಆಗಿರಂಗಿಲ್ಲ. ಏನೂ ಆಗಿಲ್ಲ ಅಂತನ ಅದನ್ನ ಯಾರೂ ಎಣಸಂಗಿಲ್ಲ. ಸೆರೆಂಗೆಟಿಯವರು ಎಣಸ್ತಾರ. ನನಗ ಅಷ್ಟು ಸಾಕು.

ನೋಡೋದಕ್ಕ ರೊಕ್ಕ ಬ್ಯಾಡ, ಹೆಸರು ನೋಂದಸೋದೂ ಬ್ಯಾಡ. ಮಧ್ಯಾಹ್ನ ಚಹಾಕ್ಕ ಬರ್ರಿ, ತೋರಸ್ತೇನಿ. ಬರೋ ಮುಂದ ಚಾಳೀಸು ಮರೀಬ್ಯಾಡ್ರಿ.