ಗಾಟಿಂಗೆನ್‌ನಲ್ಲಿ ಒಡೆಯದ ಲಕೋಟೆಗಳು

ವಿಮಾನ ನಿಲ್ದಾಣದಲ್ಲಿ ನನ್ನ ಮಗಳ ಪೆಟ್ಟಿಗೆಯಿಂದ ಮೊದಲು ಹೊರಬಿದ್ದದ್ದು ನಮ್ಮೂರಿನ ಕೊಬ್ಬರಿ. ತಿಪಟೂರಿನವರಾದ ನಾವು ಯಾರ ಮನೆಗೆ ಹೋದರೂ ನಾಲ್ಕು ಕೊಬ್ಬರಿ ಗಿಟುಕು ಒಯ್ಯುವವರು. ಮಗಳು ಮೊದಲ ಬಾರಿಗೆ ದೇಶ ಬಿಟ್ಟು ಹೊರಟಾಗ ಬಿಟ್ಟೇವೆಯೆ? ಅಲ್ಲಿದ್ದ ಸಿಬ್ಬಂದಿಯ ಹುಡುಗಿ ವಿನಯದಿಂದಲೇ ಹೇಳಿದಳು: ‘ಸರ್, ಇದು ಎಣ್ಣೆಯ ಪದಾರ್ಥ. ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ವಿಮಾನದಲ್ಲಿ ಬಿಡುವುದಿಲ್ಲ.’

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ದಹನಕ್ರಿಯೆಯ ಪಾಠ ಮಾಡಿದ ನನಗೆ ಆ ಹುಡುಗಿ ಪಾಠ ಹೇಳಿದ್ದಳು. ಎಣ್ಣೆ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ವರ್ತಿಸುತ್ತದೆ, ಆ ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಏರುತ್ತಲೇ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಅದು ಕಪ್ಪುಹಲಗೆಯ ಮೇಲಿನ ವಿಷಯವಾಗಿತ್ತು, ಪೆಟ್ಟಿಗೆಯೊಳಗಿನ ವಿಷಯವಾಗಿರಲಿಲ್ಲ. ಗಿಟುಕುಗಳನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ವಾಪಸಾದೆ. ಗೊತ್ತಿರುವುದು ಬೇರೆ, ಬದುಕಿನಲ್ಲಿ ಬಳಕೆಗೆ ಬರುವುದು ಬೇರೆ ಎಂಬ ಮಾತು ಮೂರು ತಿಂಗಳ ನಂತರ ಇನ್ನೂ ದೊಡ್ಡದಾಗಿ ನನ್ನೆದುರು ಬಂದು ನಿಲ್ಲಲಿದೆ ಎಂದು ಆಗ ತಿಳಿದಿರಲಿಲ್ಲ.

ಕಡತದ ಸಿದ್ಧತೆ

ಮಗಳಿಗೆ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಎಂ.ಎಸ್ಸಿ.ಗೆ ಪ್ರವೇಶ ಸಿಕ್ಕಿತ್ತು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರಿಗೊಮ್ಮೆ ಕಟ್ಟುವ ಚಿಕ್ಕ ವಂತಿಗೆಯಷ್ಟೆ. ಹಾಗೆಂದು ಖರ್ಚಿಲ್ಲ ಎಂದು ಯಾರೂ ತಿಳಿಯಬಾರದು. ಒಂದು ವರ್ಷದ ಜೀವನ ವೆಚ್ಚವನ್ನು ಮೊದಲೇ ವಿಶೇಷ ಖಾತೆಯೊಂದರಲ್ಲಿ ಇಟ್ಟು ತೋರಿಸುವುದು ವೀಸಾಕ್ಕೆ ಸಾಮಾನ್ಯ ದಾರಿ. ಸೆಪ್ಟೆಂಬರ್ 2024ರಿಂದ ಆ ಮೊತ್ತ 11,904 ಯೂರೊ. ಆಗಿನ ಲೆಕ್ಕದಲ್ಲಿ ಸುಮಾರು ಹನ್ನೊಂದು ಲಕ್ಷ ರೂಪಾಯಿ. ಹಣ ನಮ್ಮದೇ ಆದರೂ ತಿಂಗಳಿಗೆ 992 ಯೂರೊಗಿಂತ ಹೆಚ್ಚು ತೆಗೆಯುವಂತಿಲ್ಲ. ಈ ಮೊತ್ತವನ್ನು ಆಗಾಗ ಏರಿಸುತ್ತಾರಾದ್ದರಿಂದ ಹೊರಡುವ ವರ್ಷದ ಅಂಕಿಯನ್ನೇ ನೋಡಿಕೊಳ್ಳಬೇಕು. ಇದರ ಜೊತೆಗೆ ನವೆಂಬರ್ 2022ರಿಂದ ಭಾರತದ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎ.ಪಿ.ಎಸ್. ಎಂಬ ಪ್ರಮಾಣಪತ್ರ ಬೇಕು. ಆರೋಗ್ಯ ವಿಮೆ ಕಡ್ಡಾಯ.

ಇವೆಲ್ಲವನ್ನೂ ನಾನು ಮಾಡಿದೆ. ‘ನಾನು’ ಎಂಬ ಪದವನ್ನು ಗಮನಿಸಿ. ಮಗಳು ಸಹಿ ಹಾಕಿದಳು. ಅರ್ಜಿ ತುಂಬಿದ್ದು ನಾನು, ಬ್ಯಾಂಕಿನ ಮ್ಯಾನೇಜರರ ಮುಂದೆ ಕುಳಿತದ್ದು ನಾನು, ನೆರಳಚ್ಚು ಪ್ರತಿಗಳಿಗೆ ಬಣ್ಣಬಣ್ಣದ ಚೀಟಿ ಅಂಟಿಸಿದ್ದೂ ನಾನೇ. ಮಗು ಓದಿಕೊಳ್ಳಲಿ, ತಲೆನೋವೆಲ್ಲ ನನಗಿರಲಿ ಎಂಬುದು ನನ್ನ ಧೋರಣೆ. ಸಹೋದ್ಯೋಗಿಗಳು ನನ್ನ ಕಡತವನ್ನು ತೋರಿಸಿ, ‘ಸಿದ್ಧತೆ ಅಂದರೆ ಹೀಗಿರಬೇಕು’ ಎಂದು ಹೊಗಳಿದರು. ನಾನೂ ಹಿಗ್ಗಿದೆ.

ಹದಿನೈದು ಡಿಗ್ರಿಯ ಸೂರ್ಯ

2024ರ ಡಿಸೆಂಬರಿನಲ್ಲಿ ಗಳಿಕೆ ರಜೆ ಹಾಕಿ ಮಗಳನ್ನು ನೋಡಲು ಹೊರಟೆ. ಫ್ರಾಂಕ್‌ಫರ್ಟಿನಿಂದ ವೇಗದ ರೈಲಿನಲ್ಲಿ ಗಾಟಿಂಗೆನ್ನಿಗೆ ಎರಡು ಗಂಟೆಯೊಳಗಿನ ಪ್ರಯಾಣ. ಸುಮಾರು ಒಂದೂಕಾಲು ಲಕ್ಷ ಜನರಿರುವ ಊರು. ನಿಲ್ದಾಣದಿಂದ ಹೊರಬಂದರೆ ಕಣ್ಣಿಗೆ ಬೀಳುವುದು ಸೈಕಲ್ಲುಗಳ ಸಮುದ್ರ. ಹಳೆಯ ಪೇಟೆಯನ್ನು ಸುತ್ತುವರಿದ ಕೋಟೆಯ ದಿಬ್ಬದ ಮೇಲೆ ಈಗ ಮರಗಳ ನಡುವೆ ಕಾಲುದಾರಿಯಿದೆ. ಪುರಭವನದ ಮುಂದೆ ಬಾತುಕೋಳಿ ಹಿಡಿದ ಹುಡುಗಿಯೊಬ್ಬಳ ಕಂಚಿನ ಪ್ರತಿಮೆಯಿರುವ ಕಾರಂಜಿ. 1901ರಿಂದ ಅಲ್ಲಿ ನಿಂತಿರುವ ಆಕೆಗೆ ಡಾಕ್ಟರೇಟ್ ಪಡೆದವರೆಲ್ಲ ಹತ್ತಿಹೋಗಿ ಮುತ್ತು ಕೊಟ್ಟು ಬರುವುದು ಊರಿನ ಸಂಪ್ರದಾಯ.

ಆದರೆ ನನಗೆ ಮೊದಲು ತಟ್ಟಿದ್ದು ಕತ್ತಲು. ಬೆಳಿಗ್ಗೆ ಎಂಟು ಗಂಟೆಗೂ ಬೀದಿದೀಪ ಉರಿಯುತ್ತಿತ್ತು. ಸಂಜೆ ನಾಲ್ಕೂಕಾಲಿಗೆ ಸೂರ್ಯ ಮುಳುಗಿದ. ಲೆಕ್ಕ ಸುಲಭ. ಈ ಊರು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರಂದು ಸೂರ್ಯ ದಕ್ಷಿಣಕ್ಕೆ 23.5 ಡಿಗ್ರಿ ಸರಿದಿರುತ್ತಾನೆ. ತೊಂಬತ್ತರಿಂದ ಎರಡನ್ನೂ ಕಳೆದರೆ ಉಳಿಯುವುದು ಹದಿನೈದು. ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ ಹದಿನೈದು ಡಿಗ್ರಿಯಷ್ಟೇ ಮೇಲೆ! ಅದೇ ದಿನ ತಿಪಟೂರಿನಲ್ಲಿ ಐವತ್ತಮೂರು ಡಿಗ್ರಿ ಏರಿರುತ್ತಾನೆ. ಹಗಲು ಎಂಟು ಗಂಟೆಯೂ ಇಲ್ಲ. ಬೆಳಕು ಕಡಿಮೆಯಾದರೆ ಮನಸ್ಸೂ ಮುದುಡುತ್ತದೆ. ಅಕ್ಟೋಬರಿನಲ್ಲಿ ತರಗತಿ ಶುರುವಾಗಿ ಗೆಳೆತನ ಗಟ್ಟಿಯಾಗುವ ಮೊದಲೇ ಈ ಕತ್ತಲು ಬಂದುಬಿಡುತ್ತದೆ. ನಮ್ಮ ಮಕ್ಕಳು ಸ್ವೆಟರು ಕೊಳ್ಳುತ್ತಾರೆ, ಕತ್ತಲಿಗೆ ಏನನ್ನೂ ಕೊಳ್ಳುವುದಿಲ್ಲ. ದಿನಕ್ಕೆ ಒಂದು ಗಂಟೆ ಬೆಳಕಿರುವಾಗ ಹೊರಗೆ ನಡೆಯುವುದೇ ಅದಕ್ಕೆ ಸಿಗುವ ಅಗ್ಗದ ಉಪಾಯ. ಅಷ್ಟಕ್ಕೂ ಸರಿಹೋಗದಿದ್ದರೆ ವಿಶ್ವವಿದ್ಯಾಲಯದ ಆಪ್ತಸಲಹೆಗಾರರ ಹತ್ತಿರ ಹೋಗಲು ಸಂಕೋಚಪಡಬಾರದು.

ಮೇಜಿನ ಖಾನೆ

ಮಗಳ ಕೊಠಡಿ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಮಂಚದ ಹಿಂದಿನ ಮೂಲೆಯಲ್ಲಿ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ‘ಚಳಿ ಅಂತ ಕಿಟಕಿ ತೆಗೆಯೋದೇ ಇಲ್ಲ’ ಎಂದಳು. ಒಳಗೆ ಅನ್ನ ಸಾರು ಕುದಿಯುತ್ತದೆ, ಒದ್ದೆ ಬಟ್ಟೆ ಆರುತ್ತದೆ. ಆ ಆವಿಯೆಲ್ಲ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ. ಇಬ್ಬನಿ ಬಿಂದುವಿನ ಪಾಠ! ಅದನ್ನು ಅವಳಿಗೆ ಹೇಳಿಕೊಟ್ಟವನೇ ನಾನು, ಪೂರ್ತಿ ಅಂಕ ಹಾಕಿದವನೂ ನಾನು. ಜರ್ಮನಿಯವರು ಎಂಥ ಚಳಿಯಲ್ಲೂ ದಿನಕ್ಕೆ ಕೆಲವು ಬಾರಿ ಕಿಟಕಿಯನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಬದಲಿಸುತ್ತಾರೆ. ಗೋಡೆ ತಣ್ಣಗಾಗುವ ಮೊದಲು ಒದ್ದೆ ಗಾಳಿ ಹೊರಹೋಗುತ್ತದೆ. ಹೊರಗಿನ ಗಾಳಿ ತಣ್ಣಗಿದ್ದರೂ ಅದರಲ್ಲಿ ಆವಿ ಕಡಿಮೆ.

‘ಮನೆಯವರು ಇದನ್ನು ಹೇಳಲಿಲ್ಲವೆ?’ ಎಂದು ಕೇಳಿದೆ. ಅವಳು ಸುಮ್ಮನಿದ್ದಳು. ಆಮೇಲೆ ಮೇಜಿನ ಖಾನೆ ಎಳೆದಳು. ಒಳಗೆ ಏಳು ಲಕೋಟೆಗಳು. ಒಂದನ್ನೂ ಒಡೆದಿರಲಿಲ್ಲ.

ಆ ದೇಶದಲ್ಲಿ ಎಷ್ಟೋ ವ್ಯವಹಾರ ಇಂದಿಗೂ ಅಂಚೆಯಲ್ಲೇ ನಡೆಯುತ್ತದೆ. ಹೊಸ ಮನೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯ ಮಾಲೀಕರ ಲಿಖಿತ ದೃಢೀಕರಣ ಬೇಕು. ಒಮ್ಮೆ ವಿಳಾಸ ದಾಖಲಾಯಿತೆಂದರೆ ಪತ್ರಗಳು ಬರತೊಡಗುತ್ತವೆ: ವಿಮೆಯವರದ್ದು, ಬ್ಯಾಂಕಿನದ್ದು, ರೇಡಿಯೊ ಮತ್ತು ಟಿ.ವಿ.ಗಾಗಿ ಪ್ರತಿ ಮನೆಯೂ ಕಟ್ಟಬೇಕಾದ ವಂತಿಗೆಯದ್ದು, ವಾಸದ ಪರವಾನಗಿಯದ್ದು. ಎಲ್ಲದಕ್ಕೂ ಒಂದು ಗಡುವು. ಎಲ್ಲವೂ ಜರ್ಮನ್ ಭಾಷೆಯಲ್ಲಿ.

‘ಯಾಕಮ್ಮಾ ಒಡೆಯಲಿಲ್ಲ?’ ಎಂದೆ. ದನಿ ಏರಿತ್ತೇನೋ. ಅವಳ ಕಣ್ಣು ತುಂಬಿತು. ‘ಭಯ ಆಯ್ತು ಅಪ್ಪ. ಮನೇಲಿ ನನ್ನ ಹೆಸರಿಗೆ ಕಾಗದ ಬಂದ್ರೆ ನೀವೇ ಒಡೀತಿದ್ರಿ. ನೀವೇ ಓದಿ, ಇಲ್ಲಿ ಸಹಿ ಹಾಕು ಅಂತಿದ್ರಿ. ನಾನು ಇದುವರೆಗೆ ಒಂದು ಕಾಗದಾನೂ ಒಡೆದಿಲ್ಲ.’

ಇಪ್ಪತ್ತೆರಡು ವರ್ಷದ ಹುಡುಗಿ. ಕ್ವಾಂಟಂ ಭೌತವಿಜ್ಞಾನ ಓದುತ್ತಿರುವವಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಎತ್ತಿ ತೋರಿಸುತ್ತಿದ್ದ ಕಡತ ನೆನಪಾಗಿ ನಾಚಿಕೆಯಾಯಿತು.

ಅಭ್ಯಾಸಬಲದಿಂದ ಕೈ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ‘ನೀನೇ ಒಡಿ. ನಾನು ಇಲ್ಲೇ ಕೂತಿರ್ತೀನಿ’ ಎಂದೆ. ಅವಳು ತರಕಾರಿ ಹೆಚ್ಚುವ ಚಾಕುವಿನಿಂದ ಒಂದೊಂದನ್ನೇ ಸೀಳಿದಳು. ಮೊಬೈಲಿನ ಅನುವಾದದ ಸಹಾಯದಿಂದ ಓದಿ, ನೋಟ್‌ಪುಸ್ತಕದಲ್ಲಿ ಮೂರು ಕಲಂ ಎಳೆದು ಬರೆದಳು: ಯಾರಿಂದ, ಏನು, ಎಂದಿನೊಳಗೆ. ಎರಡು ಬರೀ ಮಾಹಿತಿ. ಒಂದು ಕಿಟಕಿ ತೆರೆಯುವ ಬಗ್ಗೆ ಮನೆಯವರು ಬರೆದದ್ದು. ಮೂರರಲ್ಲಿ ಕಟ್ಟಬೇಕಾದ ಬಾಕಿ. ಅವುಗಳಲ್ಲೊಂದಕ್ಕೆ ಆಗಲೇ ದಂಡ ಸೇರಿತ್ತು. ಏಳನೆಯದು ವಾಸದ ಪರವಾನಗಿಗೆ ಕಳಿಸಬೇಕಾದ ದಾಖಲೆಯ ಪತ್ರ. ಅದರ ಗಡುವಿಗೆ ಇನ್ನು ಆರು ದಿನವಿತ್ತು.

ಆರು ದಿನ! ವೀಸಾದ ಅವಧಿ ಮುಗಿಯುವ ಮುನ್ನ ಪರವಾನಗಿಯ ಕೆಲಸ ಹಳಿಗೆ ಬರದಿದ್ದರೆ ಎಂಥ ಪೇಚು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಾರನೆಯ ಬೆಳಿಗ್ಗೆ ಕಚೇರಿಗೆ ಹೋದೆವು. ಅವಳು ಒಳಗೆ, ನಾನು ಬಾಗಿಲ ಬಳಿಯ ಬೆಂಚಿನ ಮೇಲೆ. ತಡವರಿಸುತ್ತ ಹೇಳಿದ ಜರ್ಮನ್ ವಾಕ್ಯ ಕೇಳಿಸಿತು. ಅದರ ಅರ್ಥವನ್ನು ಆಮೇಲೆ ಹೇಳಿದಳು: ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ, ದಯವಿಟ್ಟು ನಿಧಾನವಾಗಿ ಹೇಳಿ.’ ಮೇಜಿನಾಚೆಯ ಹೆಂಗಸು ನಿಜಕ್ಕೂ ನಿಧಾನವಾಗಿ ಹೇಳಿದರು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ದಂಡ ಮಾತ್ರ ಕಟ್ಟಲೇಬೇಕಾಯಿತು. ಅದನ್ನು ಅವಳು ತನ್ನ ತಿಂಗಳ ಖರ್ಚಿನಿಂದಲೇ ಕಟ್ಟಿದಳು. ನಾನು ಕೊಡಲು ಹೋದರೆ ಬೇಡವೆಂದಳು.

ಸಮಾಧಿಗಳ ನಡುವೆ

ಮನಸ್ಸು ಹಗುರಾಗಿತ್ತು. ಅಂದು ಮಧ್ಯಾಹ್ನ ಅವಳೇ ನನಗೆ ಊರು ತೋರಿಸಿದಳು. ಕಾರ್ಲ್ ಫ್ರೆಡ್ರಿಕ್ ಗೌಸ್ ಕುಳಿತಿರುವ, ವಿಲ್ಹೆಲ್ಮ್ ವೆಬರ್ ಪಕ್ಕದಲ್ಲಿ ನಿಂತಿರುವ ಪ್ರತಿಮೆಯ ಮುಂದೆ ನಿಂತೆವು. 1833ರಲ್ಲಿ ಇವರಿಬ್ಬರೂ ಊರಿನ ಮನೆಗಳ ಮೇಲೆ ಸುಮಾರು ಒಂದು ಕಿಲೋಮೀಟರು ತಂತಿ ಎಳೆದು ವೀಕ್ಷಣಾಲಯಕ್ಕೂ ಪ್ರಯೋಗಾಲಯಕ್ಕೂ ವಿದ್ಯುತ್ ಸಂದೇಶ ಕಳಿಸಿದರು. ‘ನೀವೂ ಅಮ್ಮನೂ ಬೆಳಿಗ್ಗೆ ಆರಕ್ಕೆ ಫೋನ್ ಮಾಡ್ತಿದ್ರಲ್ಲ, ಆಗ ಇಲ್ಲಿ ರಾತ್ರಿ ಎರಡೂವರೆ’ ಎಂದು ಮಗಳು ನಕ್ಕಳು. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಈ ಲೆಕ್ಕವೂ ತಪ್ಪಿತ್ತು!

ಊರ ಸ್ಮಶಾನಕ್ಕೂ ಹೋದೆವು. ಮ್ಯಾಕ್ಸ್ ಪ್ಲ್ಯಾಂಕರ ಸಮಾಧಿಯ ಕಲ್ಲಿನ ಮೇಲೆ ಹೆಸರು, ಕೆಳಗೆ ಅವರ ಹೆಸರಿನ ಸ್ಥಿರಾಂಕ, ಅಷ್ಟೇ. ಮ್ಯಾಕ್ಸ್ ಬಾರ್ನ್ ಅವರ ಕಲ್ಲಿನ ಮೇಲೆ ಕ್ವಾಂಟಂ ಸಿದ್ಧಾಂತದ ಒಂದು ಪುಟ್ಟ ಸಮೀಕರಣ. ಬಾರ್ನ್ ನಮಗೆ ಪೂರ್ತಿ ಪರಕೀಯರಲ್ಲ. ಗಾಟಿಂಗೆನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರನ್ನು ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ನಾಜಿ ಸರ್ಕಾರ ಹುದ್ದೆಯಿಂದ ದೂರಮಾಡಿತು. ಇಂಗ್ಲೆಂಡಿನಲ್ಲಿ ಆಶ್ರಯ ಪಡೆದರು. ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಆರು ತಿಂಗಳಷ್ಟು ಕಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಮುಂದೆ ಎಡಿನ್‌ಬರೋದಲ್ಲಿ ನೆಲೆಸಿದರು, 1954ರಲ್ಲಿ ನೊಬೆಲ್ ಪಡೆದರು, 1970ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಐವತ್ತರ ಆಸುಪಾಸಿನಲ್ಲಿ ದೇಶದಿಂದ ದೇಶಕ್ಕೆ ಅಲೆದವರ ಪಾಡೂ, ಓದಲೆಂದು ಇಷ್ಟಪಟ್ಟು ಹೋಗುವವರ ಪಾಡೂ ಒಂದಲ್ಲ. ಆದರೂ ಆ ಕಲ್ಲಿನ ಮುಂದೆ ನಿಂತಾಗ, ಹೊಸ ಊರಿನಲ್ಲಿ ಮೊದಲಿಂದ ಶುರುಮಾಡುವುದು ಎಂಥ ದೊಡ್ಡವರಿಗೂ ತಪ್ಪಿದ್ದಲ್ಲ ಎನ್ನಿಸಿತು.

ಹೊರಡುವ ಮುನ್ನ

ಕಳಿಸಲು ಸಿದ್ಧರಾಗುತ್ತಿರುವ ಪೋಷಕರಿಗೆ ನನ್ನ ಮಾತು ಇಷ್ಟೆ. ಹೊರಡುವ ಆರು ತಿಂಗಳ ಮುಂಚೆ ನಿಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅರ್ಜಿಯನ್ನು ಮಕ್ಕಳೇ ತುಂಬಲಿ, ತಪ್ಪಲಿ, ಮತ್ತೆ ತುಂಬಲಿ. ಬ್ಯಾಂಕಿಗೆ ಒಬ್ಬರೇ ಹೋಗಲಿ. ಒಂದು ತಿಂಗಳು ನಿಗದಿತ ದುಡ್ಡಿನಲ್ಲಿ ತಮ್ಮ ಊಟ, ಬಟ್ಟೆ ತಾವೇ ನೋಡಿಕೊಳ್ಳಲಿ. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ, ಕಸವನ್ನು ಬೇರೆಬೇರೆ ಡಬ್ಬಿಗೆ ಹಾಕಬೇಕು. ಇವೆಲ್ಲ ಒಂದು ವಾರದಲ್ಲಿ ರೂಢಿಯಾಗುತ್ತವೆ. ‘ನನಗೆ ತಿಳಿಯಲಿಲ್ಲ’ ಎಂದು ಅಂಜದೆ ಹೇಳುವುದು ಮಾತ್ರ ಒಂದು ವಾರದಲ್ಲಿ ಬರುವುದಿಲ್ಲ.

ವಿದ್ಯಾರ್ಥಿಗಳೇ, ಪಾಠಗಳು ಇಂಗ್ಲಿಷಿನಲ್ಲಿದ್ದರೂ ಊರು ಇಂಗ್ಲಿಷಿನಲ್ಲಿಲ್ಲ. ಪ್ರವೇಶಪತ್ರ ಬಂದ ದಿನವೇ ಅಲ್ಲಿನ ಭಾಷೆ ಕಲಿಯಲು ಶುರುಮಾಡಿ. ವಿದ್ಯಾರ್ಥಿನಿಲಯಕ್ಕೂ ಅಂದೇ ಅರ್ಜಿ ಹಾಕಿ. ಕೊಠಡಿ ನೋಡುವ ಮೊದಲೇ ಗುರುತಿಲ್ಲದವರಿಗೆ ಮುಂಗಡ ಕಳಿಸಬೇಡಿ. ಹಾಲಿನ ಪದಾರ್ಥ, ಅಂದರೆ ತುಪ್ಪ ಪೇಡಾಗಳಿಗೂ ಐರೋಪ್ಯ ಒಕ್ಕೂಟದೊಳಗೆ ಪ್ರವೇಶವಿಲ್ಲ. ಹಸಿ ತೆಂಗಿನಕಾಯಿಗೆ ಅಡ್ಡಿಯಿಲ್ಲ ಎಂದು ಆಮೇಲೆ ತಿಳಿಯಿತು. ತಿಪಟೂರಿನ ಮಾನ ಅಷ್ಟರಮಟ್ಟಿಗೆ ಉಳಿಯಿತು.

ಊರಿಗೆ ಬಂದ ವಾರದಲ್ಲೇ ಕಿರಿಯ ಮಗ ಕಾಲೇಜಿನಿಂದ ಒಂದು ಅರ್ಜಿ ತಂದು ಎಂದಿನಂತೆ ನನ್ನ ಮೇಜಿನ ಮೇಲಿಟ್ಟ. ಪೆನ್ನಿನ ಮುಚ್ಚಳ ತೆಗೆದಿದ್ದೆ. ಮುಚ್ಚಿ ಅವನ ಕೈಗೇ ಕೊಟ್ಟೆ. ನಮ್ಮದೇ ಮನೆಯ ಪಿನ್‌ಕೋಡ್ ಬರೆಯುವಾಗ ಅವನು ಒಂದು ಅಂಕಿ ತಪ್ಪಿದ. ಬಾಯಿ ತೆರೆಯದೆ ಕುಳಿತಿರುವುದು ಎಷ್ಟು ಕಷ್ಟವೆಂದು ಅಂದು ಗೊತ್ತಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನೇ ನೋಡಿ, ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾಗಿ ಬರೆದ.